ಬತೂಕೆಯ ರಕ್ತ ಏನು ಹೇಳಿತು

ಲಾ ಅಗುವಾದಿತಾ, ಸಾಂತಿಯಾಗೊ ದೆಲ್ ಎಸ್ತೆರೊ
೧೨ ಏಪ್ರಿಲ್ ೧೯೯೮

ದೆಲ್ಫಿನಾ,

ಅಮ್ಮನನ್ನು ಮಣ್ಣು ಮಾಡಿ ಬಂದ ದಿನದಿಂದ ನಾವಿಬ್ಬರೂ ಮಾತು ಬಿಟ್ಟು ಮೂರೂವರೆ ವರ್ಷವಾಯಿತು. ನಾನಾಗಿ ಬರೆಯುವುದಿಲ್ಲ ಎಂದು ಹಟ ಹಿಡಿದಿದ್ದೆ. ಆ ಹಟ ಮುರಿದವನು ಬಸ್ ಡ್ರೈವರ್ ಪ್ರುದೆನ್ಸಿಯೊ. ನಿನ್ನೆ ಬಸ್ಸಿನಿಂದ ನನ್ನ ಹಿಟ್ಟಿನ ಮೂಟೆ ಇಳಿಸುತ್ತ, "ಏನಮ್ಮ ಇಗ್ನಾಸಿಯಾ, ನಿನ್ ತಂಗಿ ಮಗು ಎತ್ಕೊಂಡು ರೊಸಾರಿಯೊ ಬಸ್ ಸ್ಟ್ಯಾಂಡಲ್ಲಿ ನಿಂತಿದ್ಲು. ಥೇಟ್ ನಿನ್ ಮೂಗೇ ಆ ಮಗೂಗೆ, ಪಾಪ" ಅಂದ. ನನಗೆ ಮೊದಲೇ ಗೊತ್ತಿದ್ದವಳಂತೆ ತಲೆಯಾಡಿಸಿದೆ. ಗಂಡೋ ಹೆಣ್ಣೋ ಎಂದು ಕೇಳಲೂ ಬಿಂಕ ಬಿಡಲಿಲ್ಲ. ಮನೆಗೆ ಬಂದು ಮೂಟೆಯನ್ನು ಹೊಸ್ತಿಲಲ್ಲೇ ಬಿಟ್ಟು ಕೂತು ಅತ್ತೆ.

ಆ ದಿನ ನಿನ್ನ ಕೆನ್ನೆಗೆ ಹೊಡೆದದ್ದು ತಪ್ಪು. ನೀನು ಆಡಿದ್ದೂ ಸಣ್ಣ ಮಾತಲ್ಲ ಬಿಡು. "ಈ ಮನೇನೇ ಅಮ್ಮನ್ನ ತಿಂದಿದ್ದು, ಬೆಂಕಿ ಇಡು ಇದಕ್ಕೆ" ಅಂದೆ. ಈ ಗೋಡೆಗೆ ಮಣ್ಣು ತುಳಿದವಳು ಅಮ್ಮ, ನೀರು ಹೊತ್ತವಳು ನಾನು. ಬೆಂಕಿ ಇಡು ಎಂದರೆ ಯಾರ ಕೈ ಸುಮ್ಮನಿರುತ್ತದೆ? ಆದರೂ ತಪ್ಪು ತಪ್ಪೇ. ನಿನ್ನನ್ನು ಸಾಕಿದ ಕೈ ಅದು, ಹೊಡೆಯಬಾರದಿತ್ತು.

ಈಗ ಮನೆ ಮೊದಲಿನ ಹಾಗಿಲ್ಲ ಕಣೇ. ಎರಡು ವರ್ಷದ ಹಿಂದೆ ಆರೋಗ್ಯ ಇಲಾಖೆಯವರು ಊರಿನ ಒಂದೊಂದು ಮನೆಗೂ ಔಷಧಿ ಹೊಡೆದರು. ಅಮ್ಮನ ಹೃದಯ ಊದಿಸಿದ ಆ ವಿಂಚುಕ ಹುಳಗಳು, ನಾವು ಚಿಕ್ಕವರಿದ್ದಾಗ ಗೋಡೆಯ ಬಿರುಕಿನಿಂದ ಕಡ್ಡಿಯಲ್ಲಿ ಕೆದಕಿ ಕೋಳಿಗೆ ಹಾಕುತ್ತಿದ್ದೆವಲ್ಲ, ಅವು ಪೊರಕೆಯಲ್ಲಿ ಗುಡಿಸಿ ಬಕೆಟ್ಟಿಗೆ ತುಂಬುವಷ್ಟು ಸತ್ತು ಬಿದ್ದವು. ಮನೆಯವರ ರಕ್ತ ಕುಡಿದು ಚಾಗಸ್ ಕಾಯಿಲೆ ಅಂಟಿಸಿದ್ದ ಹುಳಗಳು ಅಷ್ಟೊಂದು ಇದ್ದವು ಎಂದು ಅವತ್ತೇ ತಿಳಿದದ್ದು.

ಅವು ಮತ್ತೆ ಬಂದಿವೆಯೇ ಎಂದು ನೋಡಲು ಈಗ ಒಸ್ವಾಲ್ದೊ ಎಂಬವನು ಬರುತ್ತಾನೆ. ಮನುಷ್ಯರ ರಕ್ತ ಅಲ್ಲ, ನಾಯಿ ಬೆಕ್ಕಿನ ರಕ್ತ ತೆಗೆಯುವುದು ಅವನ ಕೆಲಸ. ಔಷಧಿ ಹೊಡೆದ ಮೇಲೆ ಹುಟ್ಟಿದ ಮರಿಯ ರಕ್ತದಲ್ಲಿ ಚಾಗಸ್ ಕಂಡರೆ ಆ ಮನೆಗೆ ಹುಳ ವಾಪಸು ಬಂದಿದೆ ಎಂದೇ ಲೆಕ್ಕ. "ಹುಳ ನಮಗಿಂತ ಮೊದ್ಲು ನಾಯೀನ ಕಚ್ಚುತ್ತೆ. ನೀವೆಲ್ಲ ಮನೇಲಿ ಹುಳ ಇಲ್ಲ ಇಲ್ಲ ಅಂತೀರಿ, ನಾಯಿ ಹಾಗೆ ಅನ್ನಲ್ಲ" ಅನ್ನುತ್ತಾನೆ. ಊರವರು ಅವನಿಗೆ ನಾಯಿ ಕಾಂಪೌಂಡರ್ ಎಂದು ಹೆಸರಿಟ್ಟಿದ್ದಾರೆ.

ಮಗುವನ್ನು ಕರೆದುಕೊಂಡು ಬಾ. ನಲವತ್ತು ಮೇಕೆಗಳನ್ನು ಬಿಟ್ಟು ನಾನು ಬರುವ ಹಾಗಿಲ್ಲ. ಇಲ್ಲಿ ದಿನಕ್ಕೆ ನಾಲ್ಕು ಮಾತಾಡಿದರೆ ಅದರಲ್ಲಿ ಮೂರು ಮೇಕೆಗೆ.

ಹೊಡೆದವಳೂ ಸಾಕಿದವಳೂ ಆದ ನಿನ್ನ ಅಕ್ಕ,
ಇಗ್ನಾಸಿಯಾ


ರೊಸಾರಿಯೊ
೨೦ ಮೇ ೧೯೯೮

ಇಗ್ನಾಸಿಯಾ,

ಹೆಣ್ಣು ಮಗು. ಹೆಸರು ಯಾನಿನಾ. ನಾಡಿದ್ದಿಗೆ ಐದು ತಿಂಗಳು ತುಂಬುತ್ತದೆ. ಅವಳ ಅಪ್ಪನ ಬಗ್ಗೆ ಕೇಳಬೇಡ, ಕೇಳುವಂಥದ್ದೇನೂ ಉಳಿದಿಲ್ಲ. ನಾನು ಕೆಲಸ ಮಾಡುವ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ನಾವಿಬ್ಬರೇ ಇದ್ದೇವೆ. ನೆಂಟರನ್ನು ಇಳಿಸಿಕೊಳ್ಳಲು ಯಜಮಾನಿ ಒಪ್ಪುವುದಿಲ್ಲ.

ಕೆನ್ನೆಯ ವಿಷಯ ಬಿಡು. ಅದು ಅವತ್ತೇ ಆರಿತು. ಆರದಿರುವುದು ಬೇರೆ ಇದೆ. ಬಸುರಿಯಾಗಿದ್ದಾಗ ರಕ್ತ ನೋಡಿ ನನಗೂ ಚಾಗಸ್ ಇದೆ ಎಂದರು. ಆ ಮನೆಯಲ್ಲಿ, ಆ ಮಂಚದ ಮೇಲೆ ಅಂಟಿದ್ದು. ಈಗೇನೂ ತೊಂದರೆಯಿಲ್ಲ, ಮುಂದೆ ಅಮ್ಮನ ಹಾಗೆ ಹೃದಯಕ್ಕೆ ಬರಬಹುದು, ಬರದೆಯೂ ಇರಬಹುದಂತೆ. ತಾಯಿಯಿಂದ ಮಗುವಿಗೂ ದಾಟಬಹುದಂತೆ. ಯಾನಿನಾ ಹುಟ್ಟಿದ ದಿನವೇ ಅವಳ ಹಿಮ್ಮಡಿಯಿಂದ ರಕ್ತ ತೆಗೆದರು. ಏನೂ ಕಾಣಲಿಲ್ಲ, ಆದರೆ ಹತ್ತು ತಿಂಗಳಿಗೆ ಇನ್ನೊಮ್ಮೆ ನೋಡಿದ ಮೇಲೆಯೇ ಖಚಿತ ಎನ್ನುತ್ತಾರೆ. ಆ ತನಕ ನಾನು ದಿನ ಎಣಿಸಬೇಕು.

ನೀನು ಬಾ ಎನ್ನುವುದು ಸುಲಭ. ನನ್ನಿಂದ ದಾಟದೆ ಉಳಿದದ್ದನ್ನು ಆ ಗೋಡೆಗಳಿಂದ ಅವಳಿಗೆ ಅಂಟಿಸುವುದಕ್ಕೆ ನಾನು ಬರಲೇ? ಇಲ್ಲಿನ ನರ್ಸ್ ಒಬ್ಬಳಿಗೆ ನಿನ್ನ ನಾಯಿ ಕಾಂಪೌಂಡರನ ಕತೆ ಹೇಳಿದೆ. ಅವಳು ನಗಲಿಲ್ಲ. "ಅದು ಸರಿ ಇದೆ. ಆ ಮನೇಲಿ ಎಳೆ ನಾಯಿ ಶುದ್ಧ ಇದ್ರೆ ಮಗೂನ ಮಲಗಿಸ್ಬಹುದು" ಅಂದಳು.

ನಿನ್ನ ಬಳಿ ಔಷಧಿ ಹೊಡೆದ ಮೇಲೆ ಹುಟ್ಟಿದ ನಾಯಿ ಇದೆಯೇ? ಅದರ ರಕ್ತ ಶುದ್ಧ ಎಂದು ಆ ಮನುಷ್ಯ ಕಾಗದದಲ್ಲಿ ಬರೆದುಕೊಡಲಿ. ಆಗ ಡಿಸೆಂಬರಿಗೆ, ಯಾನಿನಾಳ ಮೊದಲ ಹುಟ್ಟುಹಬ್ಬಕ್ಕೆ ಬಂದು ಒಂದು ತಿಂಗಳು ಇರುತ್ತೇನೆ. ಬರೆದುಕೊಡದಿದ್ದರೆ ಇಲ್ಲ. ಇದರಲ್ಲಿ ಚೌಕಾಸಿ ಮಾಡಬೇಡ.

ದೆಲ್ಫಿನಾ


ಲಾ ಅಗುವಾದಿತಾ
೧೪ ಜೂನ್ ೧೯೯೮

ದೆಲ್ಫಿ,

ಯಾನಿನಾ. ಹೆಸರನ್ನು ಬಾಯಲ್ಲಿಟ್ಟುಕೊಂಡು ಮೇಕೆ ಹಾಲು ಕರೆದೆ, ಬಟ್ಟೆ ಒಗೆದೆ, ಒಲೆ ಹಚ್ಚಿದೆ. ಚೆನ್ನಾಗಿದೆ ಹೆಸರು.

ನಿನಗೂ ಅಂಟಿದೆ ಎಂಬ ಸಾಲನ್ನು ಮಾತ್ರ ಎರಡನೇ ಸಲ ಓದಲು ಆಗಲಿಲ್ಲ. ನೀನು ಉರುಳಿ ಬೀಳದಿರಲಿ ಎಂದು ನಿನ್ನನ್ನು ಯಾವಾಗಲೂ ಗೋಡೆ ಪಕ್ಕಕ್ಕೆ ಮಲಗಿಸುತ್ತಿದ್ದವಳು ನಾನು. ಅಮ್ಮ ಅಂಚಿಗೆ, ನಾನು ನಡುವೆ, ನೀನು ಗೋಡೆಗೆ. ನನ್ನ ಬುದ್ಧಿಗೆ ಅಷ್ಟೇ ತೋಚಿದ್ದು.

ನಾಯಿ ಇದೆ. ಹೆಸರು ಬತೂಕೆ. ಹುಟ್ಟಿದ್ದು ಹೋದ ವರ್ಷ ಜುಲೈಯಲ್ಲಿ, ಔಷಧಿ ಹೊಡೆದು ವರ್ಷ ಕಳೆದ ಮೇಲೆ. ರುಫಿನಾ ನೆನಪಿದ್ದಾಳಲ್ಲ, ನಮ್ಮ ಹತ್ತಿರದ ಮನೆಯವಳು, ಇದ್ದಿಲು ಸುಡುವ ಸೆಗುಂದೊನ ಹೆಂಡತಿ? ಅವಳ ದೊಡ್ಡ ಮಗಳಿಗೆ ನಾನು ಧರ್ಮತಾಯಿ ಆದಾಗಿನಿಂದ ಅವಳು ನನ್ನನ್ನು, ನಾನು ಅವಳನ್ನು ಕೊಮಾದ್ರೆ ಎಂದೇ ಕರೆಯುವುದು. ಅವಳ ನಾಯಿ ಹಾಕಿದ ಮರಿಯನ್ನು ಮೊಲೆ ಬಿಡಿಸಿದ ದಿನವೇ ನನಗೆ ಕೊಟ್ಟಳು. ಒಡಹುಟ್ಟಿದ ಇನ್ನೊಂದು, ಪಿಂತೊ, ಅವಳ ಮನೆಯಲ್ಲೇ ಉಳಿಯಿತು. ಎರಡೂ ಕಂದು ಬಣ್ಣ, ನಾಲ್ಕು ಕಾಲಿಗೂ ಬಿಳಿ ಕಾಲುಚೀಲ. ಬೆಕ್ಕೂ ಒಂದಿದೆ, ಅದಕ್ಕೆ ಬೆಕ್ಕು ಎಂದೇ ಹೆಸರು.

ಒಸ್ವಾಲ್ದೊ ಮೊನ್ನೆ ಪಟ್ಟಿ ಮಾಡಲು ಬಂದಿದ್ದ.

"ನಾಯಿ ಎಲ್ಲಿ ಮಲಗುತ್ತೆ, ದೊನ್ಯಾ ಇಗ್ನಾಸಿಯಾ?" ಎಂದು ಕೇಳಿದ.

"ಹೊರಗೆ, ಅಂಗಳದಲ್ಲಿ."

"ಚಳಿಗಾಲದಲ್ಲೂ?"

"ನಾಯಿ ಅಂದ್ಮೇಲೆ ನಾಯಿ. ಅದಕ್ಕೇನು ಕಂಬಳಿ ಹೊದಿಸ್ಬೇಕಾ?"

"ಬೆಕ್ಕು?"

"ಬೆಕ್ಕು ಎಲ್ಲಿ ಮಲಗುತ್ತೆ ಅಂತ ಬೆಕ್ಕಿಗೇ ಗೊತ್ತಿರಲ್ಲ. ನನ್ನ ಕೇಳ್ತೀಯಲ್ಲ."

ಅವನು ನಕ್ಕು ಬರೆದುಕೊಂಡ. ಆಗಸ್ಟಿನಲ್ಲಿ ರಕ್ತ ತೆಗೆಯಲು ಬರುತ್ತಾನಂತೆ. ಯಾನಿನಾಳ ಪಾದ ಎಷ್ಟುದ್ದ ಎಂದು ಒಂದು ದಾರ ಕತ್ತರಿಸಿ ಕಳಿಸು. ಉಣ್ಣೆ ನೂತು ಇಟ್ಟಿದ್ದೇನೆ.

ಎಣಿಸುತ್ತ ಕೂತಿರುವ,
ಇಗ್ನಾಸಿಯಾ


ಲಾ ಅಗುವಾದಿತಾ
೯ ಆಗಸ್ಟ್ ೧೯೯೮

ದೆಲ್ಫಿ,

ದಾರ ತಲುಪಿತು. ಇಷ್ಟು ಪುಟ್ಟ ಪಾದವೇ?

ನಿನ್ನೆ ಒಸ್ವಾಲ್ದೊ ಬಂದು ರಕ್ತ ತೆಗೆದುಕೊಂಡು ಹೋದ. ರುಫಿನಾ ಯಾವುದೋ ದಾಖಲೆ ಪತ್ರಕ್ಕೆಂದು ಪಟ್ಟಣಕ್ಕೆ ಹೋಗಬೇಕಿತ್ತು. "ನಮ್ ಪಿಂತೊನೂ ನೀನೇ ತೋರಿಸ್ಬಿಡು ಕೊಮಾದ್ರೆ, ಅದು ನಿನ್ ಮಾತು ಕೇಳುತ್ತೆ" ಎಂದು ಬಿಟ್ಟು ಹೋಗಿದ್ದಳು. ಹಾಗಾಗಿ ಎರಡೂ ನಾಯಿ ನನ್ನ ಅಂಗಳದಲ್ಲೇ ಇದ್ದವು. ಮುಂಗಾಲಿನಿಂದ ಒಂದೊಂದು ಸಿರಿಂಜಿನಷ್ಟು ತೆಗೆದು, ಸೀಸೆಗೆ ಹೆಸರಿನ ಚೀಟಿ ಅಂಟಿಸಿದ. ಬೆಕ್ಕು ಅವನ ಕೈ ಪರಚಿ ಸೂರು ಹತ್ತಿತು. ಬೆಕ್ಕಿನ ರಕ್ತ ಸಿಗಲಿಲ್ಲ, ಕಾಂಪೌಂಡರನ ರಕ್ತವೇ ಅಂಗಳಕ್ಕೆ ಬಿತ್ತು. ಮುಂದಿನ ತಿಂಗಳು ಫಲಿತಾಂಶ.

ಇಗ್ನಾಸಿಯಾ


ಲಾ ಅಗುವಾದಿತಾ
೧೦ ಆಗಸ್ಟ್ ೧೯೯೮

ದೆಲ್ಫಿನಾ,

ಇದನ್ನು ಅಂಚೆಗೆ ಹಾಕೆಂದು ಪ್ರುದೆನ್ಸಿಯೊ ಕೈಗೆ ಕೊಡುವುದಿಲ್ಲ. ಬರೆಯದಿದ್ದರೆ ಎದೆಯ ಭಾರ ಇಳಿಯುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬತೂಕೆ ಹೊರಗೆ ಮಲಗುವುದಿಲ್ಲ. ನನ್ನ ಕಾಲ ಬುಡದಲ್ಲಿ, ಅಮ್ಮನ ಮಂಚದ ಮೇಲೆ ಮಲಗುತ್ತದೆ. ಬೆಕ್ಕು ನನ್ನ ಕಂಕುಳಲ್ಲಿ. ನಾಯಿಯನ್ನು ಒಳಗೆ ಸೇರಿಸಬೇಡಿ, ಹುಳ ಬಂದರೆ ಅದರ ಮೈ ಶಾಖಕ್ಕೇ ಹೆಚ್ಚುತ್ತವೆ ಎಂದು ಒಸ್ವಾಲ್ದೊ ನೂರು ಸಲ ಹೇಳಿದ್ದಾನೆ. ಅವನ ಮನೆಯಲ್ಲಿ ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ. ನನಗೆ ಪಕ್ಕದಲ್ಲಿ ಯಾವುದಾದರೊಂದು ಜೀವ ಉಸಿರಾಡಬೇಕು. ಇಲ್ಲದಿದ್ದರೆ ಈ ಮನೆಯಲ್ಲಿ ನಿದ್ದೆ ಬರುವುದಿಲ್ಲ, ನಿಜ ಹೇಳುತ್ತಿದ್ದೇನೆ.

ಮಾರ್ಚಿನಲ್ಲಿ ತಲೆದಿಂಬಿನ ಹತ್ತಿರ ಗೋಡೆಯ ಮೇಲೆ ಒಂದು ವಿಂಚುಕ ಕಂಡೆ. ಸಿಕ್ಕ ಹುಳವನ್ನು ಪೊಟ್ಟಣ ಕಟ್ಟಿ ಇಲಾಖೆಗೆ ಕೊಡಬೇಕೆಂಬುದು ನಿಯಮ. ನಾನು ಒಲೆಗೆ ಹಾಕಿದೆ. ಒಂದೇ ತಾನೆ, ಕಾಡಿನಿಂದ ಹಾರಿ ಬಂದಿರಬೇಕು ಎಂದುಕೊಂಡೆ. ನಿನ್ನ ಪತ್ರ ಬಂದ ಮೇಲೆ ಆ ಒಂದು ಹುಳ ನನ್ನ ತಲೆಯಿಂದ ಇಳಿದಿಲ್ಲ.

ಮೊನ್ನೆ ಎರಡು ನಾಯಿಗಳೂ ಮುಂದೆ ನಿಂತಿದ್ದವು. ಒಸ್ವಾಲ್ದೊ ಸೂಜಿ ಸಿದ್ಧ ಮಾಡಿಕೊಂಡು, "ಇದರಲ್ಲಿ ನಿಮ್ದು ಯಾವ್ದು? ಯಾವ್ದು ಯಾವ್ದು ಅಂತ ಗೊತ್ತಾಗಲ್ವಲ್ಲ" ಎಂದ. ನಾನು ಪಿಂತೊನ ತಲೆಯ ಮೇಲೆ ಕೈಯಿಟ್ಟು "ಇದು ಬತೂಕೆ" ಅಂದೆ. ತನ್ನ ಹೆಸರು ಕೇಳಿ ಬತೂಕೆ ಬಾಲ ಅಲ್ಲಾಡಿಸಿಕೊಂಡು ಮುಂದೆ ಬಂತು. "ಏನಿದು, ಇದೂ ಓಗೊಡ್ತಾ ಇದೆ?" ಎಂದ. "ಅಣ್ಣತಮ್ಮ ಅಲ್ವಾ, ಒಬ್ಬನ್ನ ಕರೆದ್ರೆ ಇಬ್ರೂ ಬರ್ತಾರೆ" ಅಂದೆ. ಅವನು ಚೀಟಿ ಬರೆದ. ನನ್ನ ಹೆಸರಿನ ಸೀಸೆಯಲ್ಲಿ ಪಿಂತೊನ ರಕ್ತ ಹೋಯಿತು, ರುಫಿನಾಳ ಹೆಸರಿನದರಲ್ಲಿ ನನ್ನ ಬತೂಕೆಯದು.

ಎರಡೂ ಶುದ್ಧವೇ ಇರುತ್ತವೆ. ಆಗ ನಾನು ಯಾರಿಗೂ ಏನೂ ಮಾಡಿದ ಹಾಗಾಗುವುದಿಲ್ಲ. ಬರೀ ಹೆದರಿಕೆಗೆ ಮಾಡಿದ್ದು, ಅಷ್ಟೇ.

ಇಗ್ನಾಸಿಯಾ


ಆರೋಗ್ಯ ಇಲಾಖೆ, ಚಾಗಸ್ ತಪಾಸಣಾ ತಂಡ
೨೮ ಸೆಪ್ಟೆಂಬರ್ ೧೯೯೮

ಶ್ರೀಮತಿ ಇಗ್ನಾಸಿಯಾ ಅವರಿಗೆ,

ಮನೆ ಸಂಖ್ಯೆ ೩೧. ನಾಯಿ: ಬತೂಕೆ, ಗಂಡು, ಒಂದು ವರ್ಷ. ರಕ್ತದಲ್ಲಿ ಸೋಂಕು ಇಲ್ಲ. ಈ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

ತಾವು ಕೇಳಿದಿರೆಂದು ಬೇರೆ ಹಾಳೆಯಲ್ಲಿ ಮೊಹರು ಹಾಕಿ ಕೊಟ್ಟಿದ್ದೇನೆ, ತಂಗಿಗೆ ಕಳಿಸಬಹುದು. ಮೂವತ್ತನೇ ಮನೆಯ, ಅಂದರೆ ರುಫಿನಾ ಅವರ ನಾಯಿಯಲ್ಲಿ ಮಾತ್ರ ಸೋಂಕು ಕಂಡಿದೆ. ಇಡೀ ಊರಿನಲ್ಲಿ ಅದೊಂದೇ. ಮುಂದಿನ ತಿಂಗಳು ಅವರ ಮನೆಯನ್ನು ಶೋಧಿಸಿ ಔಷಧಿ ಹೊಡೆಯುತ್ತೇವೆ, ಮಕ್ಕಳ ರಕ್ತವನ್ನೂ ನೋಡಬೇಕು. ಅವರಿಗೆ ಓದಲು ಬರುವುದಿಲ್ಲವಾದ್ದರಿಂದ ದಯವಿಟ್ಟು ತಾವೇ ತಿಳಿಸಿ, ಧೈರ್ಯ ಹೇಳಬೇಕು.

ಇಂತು,
ಒಸ್ವಾಲ್ದೊ ಪೆರಾಲ್ತಾ


ಲಾ ಅಗುವಾದಿತಾ
೮ ಅಕ್ಟೋಬರ್ ೧೯೯೮

ದೆಲ್ಫಿ,

ಇದರೊಳಗೆ ಮಡಚಿಟ್ಟ ಕಾಗದ ನೋಡು. ಮೊಹರಿದೆ, ಸಹಿಯಿದೆ. ನೀನು ಕೇಳಿದ ಹಾಗೇ ಇದೆ.

ಹೆಚ್ಚು ಬರೆಯಲು ತೋಚುತ್ತಿಲ್ಲ. ಯಾವ ಬಸ್ಸಿಗೆ ಬರುತ್ತೀ ಎಂದು ತಿಳಿಸು.

ಇಗ್ನಾಸಿಯಾ


ರೊಸಾರಿಯೊ
೩೦ ಅಕ್ಟೋಬರ್ ೧೯೯೮

ಅಕ್ಕ,

ಇವತ್ತು ಆಸ್ಪತ್ರೆಯಿಂದ ನೇರ ಬಂದು ಕೂತು ಬರೆಯುತ್ತಿದ್ದೇನೆ. ಯಾನಿನಾಳ ರಕ್ತದಲ್ಲಿ ಏನೂ ಇಲ್ಲ. ನನ್ನಿಂದ ಅವಳಿಗೆ ದಾಟಿಲ್ಲ. ಡಾಕ್ಟರು ಹೇಳುತ್ತಿದ್ದಾಗ ನಾನು "ಇನ್ನೊಂದ್ಸಲ ಹೇಳಿ, ಇನ್ನೊಂದ್ಸಲ ಹೇಳಿ" ಎನ್ನುತ್ತಿದ್ದೆ. ಮೂರನೇ ಸಲ ಹೇಳುವಾಗ ಅವರಿಗೂ ನಗು ಬಂತು.

ನಿನ್ನ ಕಾಗದ ಮೊನ್ನೆಯೇ ತಲುಪಿತ್ತು. ಅದನ್ನೂ ನರ್ಸಿಗೆ ತೋರಿಸಿದೆ. "ಹೋಗ್ಬಾರೇ ಮಾರಾಯ್ತಿ, ಇನ್ನೇನ್ ಕಾಯ್ತಿದೀಯ" ಅಂದಳು. ಡಿಸೆಂಬರ್ ೨೦ರ ಬಸ್ಸಿಗೆ ಟಿಕೆಟ್ ತೆಗೆಸಿದ್ದೇನೆ. ೨೨ಕ್ಕೆ ಅವಳಿಗೆ ವರ್ಷ.

ಒಂದು ಮಾತು ಹೇಳಬೇಕು. ಬೆಂಕಿ ಇಡು ಎಂದಾಗ ನನಗೆ ಮನೆಯ ಮೇಲೆ ಸಿಟ್ಟಿರಲಿಲ್ಲ. ಅಮ್ಮನ ಎದೆನೋವು ನೋಡಿಯೂ ನಾವು ಯಾರೂ ಏನೂ ಕೇಳದೆ ಇದ್ದೆವಲ್ಲ, ಅದರ ಮೇಲಿತ್ತು. ಹದಿನೇಳಕ್ಕೇ ಇಲ್ಲಿಗೆ ಓಡಿ ಬಂದವಳಿಗೆ ನಿನ್ನನ್ನು ಬೈಯುವ ಹಕ್ಕು ಎಲ್ಲಿತ್ತು? ಈ ಕೋಣೆಯಲ್ಲಿ ಯಾನಿನಾಳ ಜೊತೆ ನಾನೂ ಒಬ್ಬಳೇ ಮಾತಾಡಿಕೊಳ್ಳುತ್ತೇನೆ, ಗೊತ್ತಾ? ನಿನ್ನ ಮೇಕೆಗಳಷ್ಟೂ ಅವಳು ಉತ್ತರ ಕೊಡುವುದಿಲ್ಲ.

ಅಮ್ಮನ ಮಂಚ ಇನ್ನೂ ಇದೆ ತಾನೆ? ಮೂವರೂ ಅದರ ಮೇಲೆ ಮಲಗೋಣ. ನಾನು ಅಂಚಿಗೆ, ನೀನು ನಡುವೆ. ಯಾನಿನಾ ತುಂಬ ಉರುಳುತ್ತಾಳೆ, ಅವಳು ಗೋಡೆ ಪಕ್ಕಕ್ಕೆ ಇರಲಿ.

ಟಿಕೆಟ್ ಹಿಡಿದು ಕೂತಿರುವ ನಿನ್ನ ತಂಗಿ,
ದೆಲ್ಫಿ


ಲಾ ಅಗುವಾದಿತಾ
೧೬ ನವೆಂಬರ್ ೧೯೯೮

ದೆಲ್ಫಿ,

ಮಗು ಶುದ್ಧ ಎಂದು ಓದಿ ನಿಂತಲ್ಲೇ ಶಿಲುಬೆ ಗುರುತು ಹಾಕಿಕೊಂಡೆ.

ಡಿಸೆಂಬರಿನಲ್ಲಿ ಇಲ್ಲಿ ನಡುಬೇಸಿಗೆ, ಕಾದ ಹೆಂಚಿನಂಥ ಸೆಖೆ, ನಿನಗೆ ಗೊತ್ತೇ ಇದೆ. ಒಳಗೆ ಮಲಗುವುದು ಬೇಡ. ಅಂಗಳದಲ್ಲಿ, ಅಲ್ಗರೊಬೊ ಮರದ ಕೆಳಗೆ ಮಂಚ ಹಾಕೋಣ. ಮಗುವಿಗೆ ಸೊಳ್ಳೆಪರದೆಯೊಂದನ್ನು ತಾ. ದಪ್ಪನೆಯದು, ಸುತ್ತಲೂ ಹಾಸಿಗೆಯ ಕೆಳಗೆ ಸಿಕ್ಕಿಸುವಂಥದ್ದು.

ರುಫಿನಾಳ ಮನೆಯಲ್ಲಿ ಗಲಾಟೆ. ನಾಯಿಯ ಸುದ್ದಿ ನಾನೇ ಓದಿ ಹೇಳಬೇಕಾಯಿತು. ಸೆಗುಂದೊ ಇದ್ದಿಲ ಭಟ್ಟಿಯಿಂದ ಬಂದವನು ಕೇಳಿ ಒಳಗೆ ಹೋಗಿ ಕೋವಿ ತಂದ. "ನನ್ ಮಕ್ಕಳಿಗೆ ಕಾಯ್ಲೆ ತರೋ ನಾಯಿ ನಂಗ್ಯಾಕೆ?" ಅಂದ. ನಾಯಿ ಕಾಯಿಲೆ ತರುವುದಲ್ಲ, ಹುಳ ಇದೆ ಎಂದು ತಿಳಿಸುವುದು ಎಂದು ಒಸ್ವಾಲ್ದೊ ಎಷ್ಟು ಸಲ ಹೇಳಿದ್ದ. ನಾನೂ ಹೇಳಿದೆ, ಗಟ್ಟಿಯಾಗಿ ಹೇಳಲಿಲ್ಲ. ಪಿಂತೊ ಬಾಲ ಅಲ್ಲಾಡಿಸುತ್ತಲೇ ಅವನ ಹಿಂದೆ ಹೋಯಿತು. ಮನೆಯಲ್ಲಿ ಕೂತು ಗುಂಡಿನ ಸದ್ದು ಕೇಳಿದೆ.

ಆಮೇಲೆ ತಂಡದವರು ಬಂದು ಅವಳ ಮನೆಯ ಸೂರು ಕಿತ್ತು, ಪಾತ್ರೆ ಪಗಡೆ ಎಲ್ಲ ಅಂಗಳಕ್ಕೆ ಹಾಕಿ, ಒಂದು ತಾಸು ಹುಡುಕಿದರು. ಒಂದು ಹುಳವೂ ಸಿಗಲಿಲ್ಲ. ಮಕ್ಕಳ ತೋಳಿಗೆ ಸೂಜಿ ಚುಚ್ಚಿದಾಗ ನಾನೇ ಹಿಡಿದುಕೊಂಡಿದ್ದೆ. ಅವರದ್ದೂ ಶುದ್ಧವಂತೆ. ಒಸ್ವಾಲ್ದೊ ಸಪ್ಪೆ ಮುಖ ಮಾಡಿಕೊಂಡು ಕೂತಿದ್ದ. "ಹದಿನೈದು ವರ್ಷದಲ್ಲಿ ಹೀಗಾಗಿಲ್ಲ. ನನ್ ಪರೀಕ್ಷೇನೇ ತಪ್ಪಾಗಿದ್ರೆ ಇಡೀ ಊರಿನ ಫಲಿತಾಂಶ ಎಸೀಬೇಕು" ಅಂದ.

ಬೇರೆ ಎಲ್ಲ ಕ್ಷೇಮ.

ಇಗ್ನಾಸಿಯಾ


ಲಾ ಅಗುವಾದಿತಾ
೨ ಡಿಸೆಂಬರ್ ೧೯೯೮

ದೆಲ್ಫಿ,

ಬರಬೇಡ.

ಮೊದಲ ಸಾಲಿನಲ್ಲೇ ಬರೆದೆ. ಕೊನೆಗೆಂದು ಇಟ್ಟುಕೊಂಡರೆ ಬರೆಯುವ ಧೈರ್ಯ ಉಳಿಯುವುದಿಲ್ಲ. ಅಂಚೆಗೆ ಹಾಕಿದರೆ ತಡವಾಗುತ್ತದೆಂದು ಪ್ರುದೆನ್ಸಿಯೊ ಕೈಯಲ್ಲೇ ಕೊಡುತ್ತಿದ್ದೇನೆ. ನಿನ್ನ ಕೈಗೇ ಕೊಟ್ಟು ಬಾ ಎಂದು ಆಣೆ ಹಾಕಿಸಿದ್ದೇನೆ.

ನಿನಗೆ ಕಳಿಸಿದ ಕಾಗದ ಸುಳ್ಳು. ಮೊಹರು ನಿಜ, ನಾಯಿ ಸುಳ್ಳು. ರಕ್ತ ತೆಗೆದ ದಿನ ನಾನು ರುಫಿನಾಳ ಪಿಂತೊವನ್ನು ನನ್ನ ಬತೂಕೆ ಎಂದು ತೋರಿಸಿದೆ. ಕಾಯಿಲೆ ಕಂಡದ್ದು ಬತೂಕೆಯ ರಕ್ತದಲ್ಲಿ. ಸೆಗುಂದೊ ಕೊಂದದ್ದು ಏನೂ ಇಲ್ಲದ ನಾಯಿಯನ್ನು. ಹುಳ ಇರುವುದು ನನ್ನ ಮನೆಯಲ್ಲಿ. ಅಂಗಳದಲ್ಲಿ ಮಲಗೋಣ, ಪರದೆ ತಾ ಎಂದೆಲ್ಲ ಬರೆದದ್ದು ಅದಕ್ಕೇ. ಇಷ್ಟೆಲ್ಲ ತಿಳಿದೂ ನಿಮ್ಮನ್ನು ಕರೆಸಿಕೊಳ್ಳುವವಳಿದ್ದೆ. ನನ್ನಂಥ ದರಿದ್ರ ಹೆಂಗಸು ಇನ್ನೊಬ್ಬಳಿಲ್ಲ.

ಮೊನ್ನೆ ನಿಮಗೆಂದು ಅಮ್ಮನ ಮಂಚ ತೊಳೆಯಲು ಹೊರಗೆ ಎಳೆದೆ. ಗೋಡೆ ಪಕ್ಕದ ಕಟ್ಟಿಗೆಯ ಸಂದಿನಲ್ಲಿ ಎರಡು ಕೂತಿದ್ದವು, ಹೊಟ್ಟೆ ತುಂಬಿ ಅಲ್ಲಾಡಲೂ ಆಗದೆ. ಯಾನಿನಾ ಗೋಡೆ ಪಕ್ಕಕ್ಕೆ ಇರಲಿ ಎಂದು ನೀನು ಬರೆದಿದ್ದೆಯಲ್ಲ, ಸರಿಯಾಗಿ ಆ ಜಾಗ. ನಾನು ಹಾಗೇ ರುಫಿನಾಳ ಮನೆಗೆ ನಡೆದೆ. ಅವಳು ಕಿತ್ತ ಸೂರಿನ ಕೆಳಗೆ ರೊಟ್ಟಿ ತಟ್ಟುತ್ತಿದ್ದಳು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ, ಕೈಗೆ ಸಿಕ್ಕಿದ್ದು ಎಸೆಯುತ್ತಾಳೆ ಎಂದುಕೊಂಡಿದ್ದೆ. ಅವಳು ತಟ್ಟಿದ ರೊಟ್ಟಿಯನ್ನು ಬೇಯಿಸಿ ತೆಗೆದು ಆಮೇಲೆ ತಿರುಗಿದಳು.

"ನನ್ ಮಕ್ಕಳಿಗೆ ಸೂಜಿ ಚುಚ್ಚುವಾಗ ನೀನೇ ಕೈ ಹಿಡ್ಕೊಂಡಿದ್ದೆ. ಚಿಕ್ಕದು ಅತ್ತಾಗ ಕಣ್ಣೊರೆಸಿದ್ದೂ ನೀನೇ," ಅಂದಳು.

"ಹೌದು."

"ಅವಾಗಲೂ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಹೇಳಿದ್ರೆ ದೆಲ್ಫಿನಾ ಬರಲ್ಲ ಅನ್ನಿಸ್ತು."

"ಮನೆಗೆ ಹೋಗಿ, ಇಗ್ನಾಸಿಯಾ ಅವ್ರೇ," ಅಂದಳು. ಇಪ್ಪತ್ತು ವರ್ಷದಲ್ಲಿ ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕೊಮಾದ್ರೆ ಎಂಬ ಮಾತು ಆಮೇಲೆ ಅವಳ ಬಾಯಲ್ಲಿ ಬಂದಿಲ್ಲ.

ಒಸ್ವಾಲ್ದೊಗೂ ಹೇಳಿ ಕಳಿಸಿದೆ. ನಿನ್ನೆ ಬಂದ. ಪುಸ್ತಕದಲ್ಲಿ ಎರಡು ಸಾಲು ಹೊಡೆದುಹಾಕಿ ಹೊಸದಾಗಿ ಬರೆದ. ಹುಳಗಳನ್ನು ಎಬ್ಬಿಸುವ ಘಾಟಿನ ಔಷಧಿಯನ್ನು ಮಂಚದ ಹಿಂದಿನ ಗೋಡೆಗೆ ಹೊಡೆದು ನನ್ನನ್ನು ಎದುರಿಗೆ ಕೂರಿಸಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದೊಂದೇ ಬಿರುಕಿನಿಂದ ಇಳಿದವು. ದೊಡ್ಡವು, ಚಿಕ್ಕವು, ಮರಿಗಳು. ಅವನು ಎಣಿಸುತ್ತ ಹೋದ. ಅರವತ್ತಮೂರು.

ಬತೂಕೆಯನ್ನು ಕೊಲ್ಲಬೇಕೇ ಎಂದು ಕೇಳಿದೆ. "ಯಾಕೆ? ಅದು ತನ್ ಕೆಲ್ಸ ಮಾಡಿದೆ. ಕೆಲ್ಸ ಕೆಡಿಸಿದ್ದು ನೀವು" ಅಂದ. ಇದು ನನಗೆ ನಾಟಿತು. ನಾಟಲೇಬೇಕಿತ್ತು.

ಮನೆ ಶುದ್ಧವಾದ ಮೇಲೂ ಇನ್ನೊಂದು ವರ್ಷ ಕಾಯಬೇಕಂತೆ, ಹೊಸ ಮರಿಯೊಂದು ಇಲ್ಲಿ ಹುಟ್ಟಿ ಬೆಳೆದು ಅದರ ರಕ್ತ ನೋಡುವ ತನಕ. ಆಗ ಯಾನಿನಾಳಿಗೆ ಎರಡು ತುಂಬಿರುತ್ತದೆ. ಆಗಲೂ ನೀನು ಬರಬೇಕೆಂದು ಕೇಳುವ ಮುಖ ನನಗಿಲ್ಲ. ನಾನು ಬರೆದುಕೊಟ್ಟ ಯಾವ ಕಾಗದವನ್ನು ನೀನು ಇನ್ನು ನಂಬುತ್ತೀ?

ಒಂದನ್ನು ನಂಬು. ಮಗುವನ್ನು ಎತ್ತಿಕೊಂಡು ನೀನು ಬಸ್ಸಿನಿಂದ ಇಳಿಯುವುದನ್ನು ನಾನು ಈ ಎಂಟು ತಿಂಗಳು ದಿನವೂ ಕಂಡಿದ್ದೇನೆ. ಅದನ್ನು ಬಿಟ್ಟುಕೊಡುವುದು ನನಗೆ ಸುಲಭವಾಗಿಲ್ಲ. ಬರಬೇಡ ಕಣೇ. ಕೈ ಮುಗಿಯುತ್ತೇನೆ, ಬರಬೇಡ.

ಇಗ್ನಾಸಿಯಾ


ರೊಸಾರಿಯೊ
೧೧ ಡಿಸೆಂಬರ್ ೧೯೯೮

ಅಕ್ಕ,

ಪ್ರುದೆನ್ಸಿಯೊ ಲಾಂಡ್ರಿಗೇ ಬಂದು ಕೊಟ್ಟ. ಯಜಮಾನಿಯ ಎದುರಿಗೇ ನಿಂತು ಓದಿದೆ. ಟಿಕೆಟ್ ವಾಪಸು ಮಾಡಿದೆ.

ನಿನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂದಿದೆ ಎಂದು ಬರೆಯಲು ಹೊರಟು ಮೂರು ಹಾಳೆ ಹರಿದೆ. ನನ್ನ ಮಗುವನ್ನು ಆ ಗೋಡೆಯ ಪಕ್ಕಕ್ಕೆ ಕರೆಸಿಕೊಳ್ಳುತ್ತಿದ್ದೆಯಲ್ಲ. ಆ ಸಿಟ್ಟು ಇನ್ನೂ ಇದೆ, ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ಈ ವರ್ಷ ನೀನು ಯಾನಿನಾಳನ್ನು ನೋಡುವುದಿಲ್ಲ. ಮುಂದಿನ ವರ್ಷದ ಮಾತನ್ನು ಈಗ ಆಡುವುದಿಲ್ಲ.

ಹರಿದ ಹಾಳೆಗಳನ್ನು ಒಲೆಗೆ ಹಾಕಿ ನಿನ್ನ ಪತ್ರಗಳನ್ನೆಲ್ಲ ಮೊದಲಿನಿಂದ ಓದಿದೆ. ನನ್ನ ರಕ್ತದ ಮಾತಿದೆ. ಯಾನಿನಾಳ ರಕ್ತ ಶುದ್ಧ ಎಂದು ಓದಿದ್ದಿದೆ. ರುಫಿನಾಳ ಮಕ್ಕಳದ್ದಿದೆ, ಎರಡು ನಾಯಿಗಳದ್ದಿದೆ, ಸಿಗದೆ ಹೋದ ಬೆಕ್ಕಿನದ್ದೂ ಇದೆ. ಆ ಮಂಚದ ಮೇಲೆ ನಲವತ್ತೊಂದು ವರ್ಷ ಮಲಗಿದವಳು ನೀನು. ಅಮ್ಮನಿಗೆ ಬಂತು, ನನಗೆ ಬಂತು, ಬತೂಕೆಗೂ ಬಂತು. ಇಡೀ ವರ್ಷ ನಾನು ನಾಯಿಯ ರಕ್ತ ಏನು ಹೇಳಿತು ಎಂದು ಕೇಳಿದೆ, ನಿನ್ನದನ್ನು ಕೇಳಲೇ ಇಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಸಾಂತಿಯಾಗೊ ಆಸ್ಪತ್ರೆಗೆ ಹೋಗು. ಮೇಕೆಗಳನ್ನು ಒಂದು ದಿನದ ಮಟ್ಟಿಗೆ ಒಸ್ವಾಲ್ದೊಗಾದರೂ ಒಪ್ಪಿಸು. ತೋಳು ಚಾಚಿ ರಕ್ತ ಕೊಡು, ಸೀಸೆಯ ಮೇಲೆ ನಿನ್ನ ಹೆಸರನ್ನೇ ಬರೆಸು. ಏನು ಬಂತೋ ಅದನ್ನು ಹಾಗೇ ನನಗೆ ಬರೆ.

ಕಾಯುತ್ತಿದ್ದೇನೆ,
ದೆಲ್ಫಿನಾ